ಅರ್ಧ ಕ್ಷಣ ತಡವಾಗಿ ಬರುವ ನಗು

ಕಳೆದ ಜೂನ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿಗೆ ಹಾವೇರಿ ಕಡೆಯಿಂದ ಒಂದು ಕುಟುಂಬ ಬಂತು. ಅಪ್ಪನಿಗೆ ಬೆಂಗಳೂರಿಗೆ ವರ್ಗವಾಗಿತ್ತು. ಮಗಳು ಊರಲ್ಲಿ ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಇಲ್ಲಿ ಫಸ್ಟ್ ಪಿಯುಸಿ ಸೈನ್ಸಿಗೆ ಸೇರಿದ್ದಳು. ನನ್ನ ಮಗಳಿಗೂ ಅದೇ ವಯಸ್ಸು. ಸಂಜೆ ಆರರ ಹೊತ್ತಿಗೆ ನಮ್ಮ ಬ್ಲಾಕಿನ ಐದಾರು ಮಕ್ಕಳು ಕೆಳಗೆ ಹೊಂಗೆಮರದ ಹತ್ತಿರದ ಸಿಮೆಂಟ್ ಬೆಂಚಿನಲ್ಲಿ ಸೇರುತ್ತಾರೆ. ಆ ಹುಡುಗಿಯೂ ಹೋಗಿ ಸೇರಿಕೊಂಡಳು. ಒಂದು ದಿನ ನಾನು ಗೇಟಿನ ಹತ್ತಿರ ತಳ್ಳುಗಾಡಿಯಲ್ಲಿ ಸೊಪ್ಪು ಆರಿಸುತ್ತ ನಿಂತಿದ್ದೆ. ಆ ಗುಂಪಿನಲ್ಲಿ ಒಬ್ಬ ಹುಡುಗ ಇಂಗ್ಲಿಷಿನಲ್ಲಿ ಪಟಪಟನೆ ಏನೋ ಹೇಳಿದ. ಎಲ್ಲರೂ ಹೋ ಅಂತ ನಕ್ಕರು. ಆ ಹುಡುಗಿಯೂ ನಕ್ಕಳು. ಆದರೆ ಅವಳ ನಗು ಅರ್ಧ ಕ್ಷಣ ತಡವಾಗಿ ಬಂತು. ಮೊದಲು ಅವಳ ಕಣ್ಣು ಉಳಿದವರ ಮುಖದ ಮೇಲೆ ಒಂದು ಸುತ್ತು ಬಂತು. ಎಲ್ಲರೂ ನಗುತ್ತಿದ್ದಾರೆ ಅಂತ ಗೊತ್ತಾದ ಮೇಲೆ ತುಟಿ ಬಿಚ್ಚಿತು. ಎಲ್ಲರೂ ನಿಲ್ಲಿಸಿದ ಮೇಲೂ ಅವಳದ್ದು ಸ್ವಲ್ಪ ಹೊತ್ತು ಮುಂದುವರಿಯಿತು.

ದಂಟಿನ ಸೊಪ್ಪಿನ ಕಟ್ಟು ಕೈಯಲ್ಲಿ ಹಾಗೇ ಉಳಿಯಿತು. ಗಾಡಿಯವರು ಎರಡು ಸಲ ದುಡ್ಡು ಕೇಳಿದರಂತೆ, ನನಗೆ ಕೇಳಿಸಲಿಲ್ಲ. ಆ ನಗು ನನಗೆ ಗೊತ್ತು. ಒಂದು ವರ್ಷ ಪೂರ್ತಿ ನಾನು ಹಾಗೇ ನಕ್ಕಿದ್ದೇನೆ. ಅದರಿಂದ ದವಡೆ ನೋಯುತ್ತದೆ, ನಿಜವಾಗಿಯೂ. ತಮಾಷೆ ಅರ್ಥವಾಗಿ ನಕ್ಕರೆ ನೋವಾಗುವುದಿಲ್ಲ. ಅರ್ಥವಾಗದೆ ನಕ್ಕರೆ ಸಂಜೆ ಹೊತ್ತಿಗೆ ಕಿವಿಯ ಕೆಳಗೆ ಹಿಡಿದುಕೊಂಡ ಹಾಗಿರುತ್ತದೆ.

ಇಂಗ್ಲಿಷ್ ಬಗ್ಗೆ ನಾವು ಎಷ್ಟು ಮಾತಾಡುತ್ತೇವೆ! ಇಂಗ್ಲಿಷ್ ಬಂದರೆ ಕೆಲಸ ಸಿಗುತ್ತೆ, ಇಂಟರ್‌ವ್ಯೂ ಪಾಸಾಗುತ್ತೆ, ಫಾರಿನ್ನಿಗೆ ಹೋಗಬಹುದು. ಇಲ್ಲದಿದ್ದರೆ ಇದೇನೂ ಇಲ್ಲ. ಎಲ್ಲವೂ ಮುಂದೆ ಇಪ್ಪತ್ತೆರಡನೇ ವಯಸ್ಸಿಗೋ ಇಪ್ಪತ್ತೈದನೇ ವಯಸ್ಸಿಗೋ ಆಗುವ ಸಂಗತಿ. ಹದಿನಾರನೇ ವಯಸ್ಸಿನಲ್ಲಿ, ಇವತ್ತು ಸಂಜೆ, ಆ ಬೆಂಚಿನ ಮೇಲೆ ಇಂಗ್ಲಿಷ್ ಏನು ಮಾಡುತ್ತದೆ ಅಂತ ಯಾರೂ ಕೇಳುವುದಿಲ್ಲ. ಆ ವಯಸ್ಸಿನ ಮಕ್ಕಳಿಗೆ ಕೆಲಸ ದೂರದ ಮಾತು. ಅವರಿಗೆ ಬೇಕಾಗಿರುವುದು ತಾನೊಂದು ಮಾತು ಹೇಳಿದರೆ ನಾಲ್ಕು ಜನ ನಗಬೇಕು ಅನ್ನುವುದು. ಸರಿಯಾದ ಹೊತ್ತಿಗೆ ಸರಿಯಾದ ಮಾತು ಬಾಯಿಗೆ ಬರಬೇಕು. ಅದೊಂದು ಬಂದರೆ ಗೆಳೆತನ ಬರುತ್ತದೆ, ಧೈರ್ಯ ಬರುತ್ತದೆ, ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವ ರೀತಿಯೇ ಬದಲಾಗುತ್ತದೆ. ಭಾಷೆ ಕೈಕೊಟ್ಟರೆ ಆ ಮಗು ಮೊದಲು ಕಳೆದುಕೊಳ್ಳುವುದು ತಮಾಷೆ ಮಾಡುವ ಶಕ್ತಿಯನ್ನು. ಮಾರ್ಕ್ಸಿನ ವಿಷಯ ಆಮೇಲೆ.

ಗಾಜನೂರು ದಾಟಿದ ಮೇಲೆ

1995ರಲ್ಲಿ ನಾನು ಮಂಡಗದ್ದೆ ಹತ್ತಿರದ ನಮ್ಮ ಹಳ್ಳಿಯಿಂದ ಶಿವಮೊಗ್ಗಕ್ಕೆ ದಿನಾ ಬಸ್ಸಿನಲ್ಲಿ ಓಡಾಡುತ್ತ ಪಿಯುಸಿ ಓದುತ್ತಿದ್ದೆ. ನಮ್ಮ ಕಡೆಯಿಂದ ಸೈನ್ಸ್ ತಗೊಂಡ ಹುಡುಗಿಯರು ಇಬ್ಬರೇ. ನಾನು ಮತ್ತೆ ನನ್ನ ಗೆಳತಿ. ಅವಳ ಹೆಸರು ಬರೆಯುವುದಿಲ್ಲ. ಅವಳಷ್ಟು ನಗಿಸುವವರನ್ನು ನಾನು ಈವರೆಗೂ ನೋಡಿಲ್ಲ. ತೀರ್ಥಹಳ್ಳಿ ಕಡೆಯಿಂದ ಬರುವ ಬಸ್ಸು ನಮ್ಮೂರಿಗೆ ಬರುವಾಗಲೇ ತುಂಬಿರುತ್ತಿತ್ತು. ಅವಳು ಹತ್ತಿದ ಐದು ನಿಮಿಷಕ್ಕೆ ಇಡೀ ಹಿಂದಿನ ಸೀಟು ಅವಳದ್ದಾಗುತ್ತಿತ್ತು. ಕಂಡಕ್ಟರ್ ಮೂಗಿನಲ್ಲಿ ಕೂಗುವ ರೀತಿ, ನಮ್ಮ ಹೈಸ್ಕೂಲು ಹೆಡ್‌ಮಾಸ್ಟರು ಪ್ರಾರ್ಥನೆ ಹೊತ್ತಿಗೆ ಗಂಟಲು ಸರಿಮಾಡಿಕೊಳ್ಳುವ ರೀತಿ, ಎಲ್ಲ ಮಾಡುತ್ತಿದ್ದಳು. ಅವಳದ್ದೊಂದು ಖಾಯಂ ಕಾರ್ಯಕ್ರಮ ಇತ್ತು. ರೇಡಿಯೋದಲ್ಲಿ ಅಡಿಕೆ ಧಾರಣೆ ಓದುವ ದನಿಯಲ್ಲಿ ಕಾಲೇಜಿನ ಮೇಷ್ಟ್ರುಗಳ ಧಾರಣೆ ಓದುವುದು. ಅಡಿಕೆಯಲ್ಲಿ ಸರಕು ಮೇಲಿನ ದರ್ಜೆ, ಆಮೇಲೆ ಬೆಟ್ಟೆ, ರಾಶಿ, ಕೊನೆಗೆ ಗೊರಬಲು. "ಇವತ್ತಿನ ಶಿವಮೊಗ್ಗ ಮಾರುಕಟ್ಟೆ. ಕೆಮಿಸ್ಟ್ರಿಯವರು ಸರಕು. ಮ್ಯಾತ್ಸಿನವರು ಬೆಟ್ಟೆ. ಬಾಟನಿಯವರು ರಾಶಿ, ಸ್ವಲ್ಪ ಹಸಿ ಇದೆ, ಒಣಗಬೇಕು. ಇಂಗ್ಲಿಷಿನವರು ಗೊರಬಲು, ಕೇಳುವವರಿಲ್ಲ." ಅಡಿಕೆ ಮೂಟೆ ಹಾಕಿಕೊಂಡು ಮಂಡಿಗೆ ಹೊರಟಿದ್ದ ಹೆಗಡೇರು, ಗೌಡ್ರು ಎಲ್ಲ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ಕಾಲೇಜಿನ ಗೇಟು ದಾಟಿದರೆ ಅವಳು ಬೇರೆಯೇ ಹುಡುಗಿ. ಮಾತೇ ಇಲ್ಲ. ಪೇಟೆಯ ಕಾನ್ವೆಂಟಿನಿಂದ ಬಂದವರು ಮುಂದಿನ ಎರಡು ಬೆಂಚಿನಲ್ಲಿ ಕೂರುತ್ತಿದ್ದರು. ಅವರು ತಮ್ಮತಮ್ಮಲ್ಲಿ ಆಡುವ ಮಾತು ಅರ್ಧ ಇಂಗ್ಲಿಷು. ಕ್ಲಾಸಿನಲ್ಲಿ ಮೇಷ್ಟ್ರು ಒಂದು ಜೋಕು ಹೇಳಿದರೆ ಮುಂದಿನ ಬೆಂಚಿನವರು ತಕ್ಷಣ ನಗುತ್ತಿದ್ದರು. ಹಿಂದೆ ಕೂತ ನಾವು ಅವರ ಬೆನ್ನು ಅಲುಗಾಡುವುದನ್ನು ನೋಡಿ ನಗುತ್ತಿದ್ದೆವು. ನಾನು ಈ ನಗು ಕಲಿತದ್ದು ಅಲ್ಲೇ.

ಜುಲೈ ಕೊನೆ ಇರಬೇಕು. ಹೊರಗೆ ಮಳೆ ಹೊಡೆಯುತ್ತಿತ್ತು. ನಮ್ಮಿಬ್ಬರ ಲಂಗದ ಅಂಚು ಒದ್ದೆಯಾಗಿ ಕಾಲಿಗೆ ಅಂಟಿತ್ತು. ಫಿಸಿಕ್ಸ್ ಲೆಕ್ಚರರ್ ಬೋರ್ಡಿನ ಮೇಲೆ ಒಂದು ಗ್ರಾಫ್ ಬರೆದು, ವೇಗ ಹೀಗೆ ಬದಲಾಗುತ್ತ ಹೋದರೆ ಅದಕ್ಕೆ ಏನಂತಾರೆ ಅಂತ ಇಂಗ್ಲಿಷಿನಲ್ಲಿ ಕೇಳಿದರು. ನನ್ನ ಗೆಳತಿಗೆ ಅದು ಚೆನ್ನಾಗಿ ಗೊತ್ತಿತ್ತು. ಒಂಬತ್ತನೇ ಕ್ಲಾಸಿನಿಂದಲೂ ಅವಳಿಗೆ ಆ ಪಾಠ ಇಷ್ಟ. ಜವ, ವೇಗ, ವೇಗೋತ್ಕರ್ಷ, ಸಂವೇಗ, ಜಡತ್ವ ಅಂತ ಮಗ್ಗಿಯ ಹಾಗೆ ಹೇಳುತ್ತಿದ್ದಳು. ಇಂಗ್ಲಿಷಿನ ಆಕ್ಸಿಲರೇಷನ್ನಿಗೆ ನಮ್ಮ ಪುಸ್ತಕದಲ್ಲಿ ವೇಗೋತ್ಕರ್ಷ ಅಂತಿತ್ತು. ಆ ವರ್ಷ ಮೊದಲ ಸಲ ಕೈ ಎತ್ತಿದಳು. ಎದ್ದು ನಿಂತು ಹೇಳಿದಳು, "ವೇಗೋತ್ಕರ್ಷ ಸಾರ್." ಒಂದು ಕ್ಷಣ ಕ್ಲಾಸು ಸುಮ್ಮನಿತ್ತು. ಆಮೇಲೆ ಮುಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಹಾಗೇ ನಗು ಹಿಂದಕ್ಕೆ ಹರಿದುಬಂತು. ಲೆಕ್ಚರರ್ ಕೂಡ ನಗುತ್ತ, "ಇದು ಕನ್ನಡ ಪೀರಿಯಡ್ ಅಲ್ಲಮ್ಮಾ" ಅಂದರು. ಅವರು ಕೆಟ್ಟವರಲ್ಲ. ಆ ಮಾತು ಹೇಳಿ ಮರುಕ್ಷಣ ಮರೆತಿರುತ್ತಾರೆ. ಉತ್ತರ ಸರಿ ಅಂತ ಮಾತ್ರ ಯಾರೂ ಹೇಳಲಿಲ್ಲ.

ಇನ್ನೊಂದು ಹೇಳಬೇಕು. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಆ ದಿನ ನಾನೂ ನಕ್ಕೆ. ಎಲ್ಲರೂ ನಕ್ಕ ಅರ್ಧ ಕ್ಷಣದ ಮೇಲೆ, ಅಭ್ಯಾಸದಿಂದ. ಪಕ್ಕದಲ್ಲೇ ಅವಳು ನಿಂತಿದ್ದಳು. ನನ್ನ ಮುಖ ನೋಡಿ ಕೂತುಕೊಂಡಳು.

ಅವತ್ತು ಸಂಜೆ ಬಸ್ಸಿನಲ್ಲಿ ಧಾರಣೆ ಓದಲಿಲ್ಲ. ಕಿಟಕಿಯಾಚೆ ತುಂಗೆ ಕೆಂಪಗೆ ತುಂಬಿ ಹರಿಯುತ್ತಿದ್ದಳು, ಅದನ್ನೇ ನೋಡುತ್ತ ಕೂತಳು. ಆಮೇಲಾಮೇಲೆ ಮತ್ತೆ ಶುರು ಮಾಡಿದಳು, ಇಲ್ಲ ಅಂತಲ್ಲ. ಆದರೆ ಅದಕ್ಕೊಂದು ಗಡಿ ಬಂತು. ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ, ಪೇಟೆ ದಾಟುವವರೆಗೆ ಒಂದೂ ಮಾತಿಲ್ಲ. ಕಾಲೇಜಿನವರು ಯಾರಾದರೂ ಬಸ್ಸಿನಲ್ಲಿ ಇರಬಹುದು ಅನ್ನುವ ಹೆದರಿಕೆ. ಗಾಜನೂರು ದಾಟಿ, ಕಾಡು ಶುರುವಾದ ಮೇಲೆ ಮೆಲ್ಲಗೆ ದನಿ ಬರುತ್ತಿತ್ತು. ಬೆಳಿಗ್ಗೆ ಹೋಗುವಾಗ ಗಾಜನೂರಿಗೆ ನಿಲ್ಲುತ್ತಿತ್ತು. ಎರಡನೇ ವರ್ಷಕ್ಕೆ ಅವಳು ಬರಲಿಲ್ಲ. ತೀರ್ಥಹಳ್ಳಿಯಲ್ಲಿ ಆರ್ಟ್ಸಿಗೆ ಸೇರಿದಳು. ಫಿಸಿಕ್ಸ್ ಕಷ್ಟ ಆಯ್ತಂತೆ ಅಂತ ಊರಲ್ಲಿ ಹೇಳಿದರು. ಅವಳಿಗೆ ಫಿಸಿಕ್ಸ್ ಕಷ್ಟವಿರಲಿಲ್ಲ.

ಯಾವ ಇಂಗ್ಲಿಷು?

ನಮ್ಮ ಕಾಲದಲ್ಲಿ ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸಿಗೆ ಇಂಗ್ಲಿಷ್ ಅಕ್ಷರ ಹೇಳಿಕೊಡುತ್ತಿದ್ದರು. ಅದಕ್ಕೇ ಹೀಗಾಯ್ತು ಅಂತ ಎಷ್ಟೋ ವರ್ಷ ಅಂದುಕೊಂಡಿದ್ದೆ. 2007ರಿಂದ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಬಂತು. ಇನ್ನು ಈ ತೊಂದರೆ ಇರುವುದಿಲ್ಲ ಅಂತ ಖುಷಿಪಟ್ಟಿದ್ದೆ. ಹಾವೇರಿಯ ಹುಡುಗಿ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಓದಿದವಳು. ಅವಳ ವ್ಯಾಕರಣ ನನ್ನ ಮಗಳಿಗಿಂತ ಸರಿ ಇದೆ. ಕಾಗುಣಿತ ತಪ್ಪುವುದಿಲ್ಲ. ಆದರೂ ಬೆಂಚಿನ ಮೇಲೆ ಅವಳಿಗೆ ಮಾತು ಸಿಗುವುದಿಲ್ಲ. ಯಾಕೆ ಅಂತ ಯೋಚಿಸಿದೆ. ಬೆಂಚಿನ ಇಂಗ್ಲಿಷು ಪುಸ್ತಕದಲ್ಲಿ ಇಲ್ಲ. ಕ್ರಿಂಜ್, ಸಸ್, ಲೋಕೀ, ಸ್ಲೇ. 'ರಿಜ್', ಅಂದರೆ ಬೇರೆಯವರನ್ನು ಸೆಳೆಯುವ ಮೋಡಿ, ಅನ್ನುವ ಪದವನ್ನು ಆಕ್ಸ್‌ಫರ್ಡ್‌ನವರು 2023ರ ವರ್ಷದ ಪದ ಅಂತ ಆರಿಸಿದರು. ನನಗೆ ಅದು ಗೊತ್ತಾಗಿದ್ದು ಮಗಳು ಹೇಳಿದ ಮೇಲೆ. ಮರುವರ್ಷವೇ ಕೇಳಿದರೆ, "ಅಯ್ಯೋ ಅಮ್ಮ, ಅದನ್ನ ಈಗ ಯಾರೂ ಹೇಳಲ್ಲ" ಅಂದಳು. ಇದು ಯೂಟ್ಯೂಬಿನಿಂದ, ಗೇಮ್ ಆಡುತ್ತ ಹಾಕಿಕೊಳ್ಳುವ ಹೆಡ್‌ಫೋನಿನಿಂದ, ರೀಲ್ಸಿನಿಂದ ಬರುವ ಭಾಷೆ. ಯಾವ ಟೀಚರೂ ಕಲಿಸುವುದಿಲ್ಲ. ಚಿಕ್ಕಂದಿನಿಂದ ಮನೆಯಲ್ಲಿ ವೈಫೈ ಇದ್ದವರಿಗೆ ತಾನಾಗಿ ಬರುತ್ತದೆ. ಟಿವಿಯಲ್ಲಿ ಇಂಗ್ಲಿಷ್ ಕಾರ್ಟೂನು ನೋಡಿ ಬೆಳೆದವರಿಗೆ ಬರುತ್ತದೆ. ನೂರಕ್ಕೆ ತೊಂಬತ್ತು ಮಾರ್ಕ್ಸ್ ತೆಗೆದ ಹುಡುಗಿಗೆ ಬರುವುದಿಲ್ಲ.

ಇಂಗ್ಲಿಷಿನ ಒಳಗೂ ಮೆಟ್ಟಿಲುಗಳಿವೆ. ಸ್ಟೇಟ್ ಸಿಲಬಸ್, ಸಿಬಿಎಸ್‌ಇ, ಐಸಿಎಸ್‌ಇ, ಅದರ ಮೇಲೆ ಇಂಟರ್‌ನ್ಯಾಷನಲ್ ಶಾಲೆಯವರು. ಒಬ್ಬೊಬ್ಬರ ಉಚ್ಚಾರ ಒಂದೊಂದು ಥರ. ನನ್ನ ಮಗಳೇ ಮೇಲಿನ ಮೆಟ್ಟಿಲಿನವರ ಮುಂದೆ ಸ್ವಲ್ಪ ಕುಗ್ಗುವುದನ್ನು ನಾನು ನೋಡಿದ್ದೇನೆ. ಫೋನಿನಲ್ಲಿ ಅವರ ಜೊತೆ ಮಾತಾಡುವಾಗ ಅವಳ 'ಆರ್' ಅಕ್ಷರ ನಾಲಿಗೆ ಮಡಚಿ ಹೊರಳುತ್ತದೆ. ಫೋನಿಟ್ಟ ಮೇಲೆ ಮಾಮೂಲಿ ಆಗುತ್ತದೆ. ಅದನ್ನು ನಾನು ಎತ್ತಿ ಆಡುವುದಿಲ್ಲ. ಅವಳ ಕಷ್ಟ ಅವಳಿಗೆ.

ವಾಟ್ಸಾಪಿನಲ್ಲಿ ಇನ್ನೊಂದು ಥರ. ಈ ಮಕ್ಕಳ ಗುಂಪಿನಲ್ಲಿ ಕನ್ನಡ ಇಲ್ಲ ಅಂತೇನಿಲ್ಲ. ಜಾಸ್ತಿಯೇ ಇದೆ. ಮಗಾ, ಗುರು, ಸೀನ್ ಇಲ್ಲ, ಸಕ್ಕತ್ ಎಲ್ಲ ಇದೆ. ಆದರೆ ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ. ಹಳ್ಳಿಗೂ ಹಲ್ಲಿಗೂ ಒಂದೇ ಸ್ಪೆಲಿಂಗು, ಆದರೂ ಅವರಿಗೆ ಗೊಂದಲ ಆಗುವುದಿಲ್ಲ. ಹಾವೇರಿಯ ಹುಡುಗಿಯನ್ನು ಗುಂಪಿಗೆ ಸೇರಿಸಿದ ದಿನ ಅವಳು ಕನ್ನಡ ಅಕ್ಷರದಲ್ಲೇ ಎರಡು ಸಾಲು ಬರೆದಳಂತೆ. "ಎಲ್ಲರಿಗೂ ನಮಸ್ಕಾರ" ಅಂತ. ಯಾರೋ ಒಬ್ಬರು, ಇದೇನು ಅಂಕಲ್‌ಗಳ ಥರ ಅಂದರಂತೆ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಮರುದಿನದಿಂದ ಅವಳು ಬರೆಯುವುದು ಬಿಟ್ಟು ಬರೀ ನಗುವ ಮುಖದ ಚಿತ್ರ ಹಾಕುತ್ತಾಳೆ. ಮಗಳು ಇದನ್ನು ಊಟದ ಹೊತ್ತಲ್ಲಿ ಸಹಜವಾಗಿ ಹೇಳಿದಳು. ನನಗೆ ತುತ್ತು ಇಳಿಯಲಿಲ್ಲ.

ಬೇಡ ಅನ್ನುವುದು ನನ್ನ ಮಾತಲ್ಲ

ಹೀಗೆ ಬರೆದರೆ ಇಂಗ್ಲಿಷಿನ ಮೇಲೆ ನನಗೆ ಸಿಟ್ಟು ಅಂತ ಯಾರಾದರೂ ಅಂದುಕೊಳ್ಳಬಹುದು. ನನಗೆ ಇಂಗ್ಲಿಷಿನ ಮೇಲೆ ಸಿಟ್ಟಿಲ್ಲ. ಆ ಬೆಂಚಿನ ಮೇಲಿನ ಮಕ್ಕಳ ಮನೆಮಾತು ನೋಡಿ. ಒಬ್ಬರದ್ದು ತಮಿಳು, ಇಬ್ಬರದ್ದು ತೆಲುಗು, ಒಬ್ಬನದ್ದು ಒಡಿಯಾ, ಒಬ್ಬಳದ್ದು ಹಿಂದಿ, ನಮ್ಮದು ಕನ್ನಡ. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡವನ್ನು ತಾಯ್ನುಡಿ ಅಂತ ಬರೆಸಿದವರೇ ಅರ್ಧಕ್ಕಿಂತ ಕಡಿಮೆ. ಮಕ್ಕಳು ಒಟ್ಟಿಗೆ ಕೂತು ಹರಟಬೇಕಾದರೆ ಒಂದು ಮಾತು ಬೇಕಲ್ವಾ? ಅವರಿಗೆ ಸಿಕ್ಕಿದ್ದು ಇಂಗ್ಲಿಷು. ಇಡೀ ದೇಶದಲ್ಲಿ ಇಂಗ್ಲಿಷ್ ನಮ್ಮ ತಾಯ್ನುಡಿ ಅಂತ ಅದೇ ಜನಗಣತಿಯಲ್ಲಿ ಬರೆಸಿದವರು ಸುಮಾರು 2.6 ಲಕ್ಷ ಜನ ಮಾತ್ರ. ಯಾರ ಮನೆಯದ್ದೂ ಅಲ್ಲದ ಮಾತು ಎಲ್ಲರಿಗೂ ಅನುಕೂಲ ಅನ್ನುವುದು ಆ ಮಕ್ಕಳಿಗೆ ಯಾರೂ ಹೇಳದೆ ಗೊತ್ತಾಗಿದೆ.

ಇನ್ನೂ ಒಂದು ಇದೆ. ಕನ್ನಡದಲ್ಲಿ ಬಾಯಿ ಬಿಟ್ಟರೆ ಊರು, ಜಾತಿ, ಮನೆ ಎಲ್ಲ ಹೊರಗೆ ಬರುತ್ತದೆ. ಹಾಲಿಗೆ ಆಲು ಅಂದರೆ ಕೇಳಿದವರ ಹುಬ್ಬು ಮೇಲೆ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಶಾಲೆಯಲ್ಲಿ ಅದಕ್ಕೆ ಅವಮಾನ ಪಟ್ಟ ಮಕ್ಕಳಿದ್ದಾರೆ. ಅಂಥ ಮನೆಯ ಮಗುವಿಗೆ ಇಂಗ್ಲಿಷು ಒಂದು ಹೊಸ ಅಂಗಿ ಇದ್ದ ಹಾಗೆ. ಅದನ್ನು ಹಾಕಿಕೊಂಡರೆ ಯಾರ ಮನೆಯವಳು ಅಂತ ಯಾರೂ ಕೇಳುವುದಿಲ್ಲ. 19ನೇ ಶತಮಾನದಲ್ಲೇ ಸಾವಿತ್ರಿಬಾಯಿ ಫುಲೆ ಇಂಗ್ಲಿಷ್ ಕಲಿಯಿರಿ ಅಂತ ಶೂದ್ರರಿಗೆ, ದಲಿತರಿಗೆ ಮರಾಠಿಯಲ್ಲಿ ಪದ್ಯ ಬರೆದರು. ಅವರಿಗೆ ಕಂಡ ಸತ್ಯ ಇವತ್ತಿಗೂ ಸತ್ಯ. ಕನ್ನಡ ಸಾಕು ಅಂತ ಬೇರೆಯವರ ಮಕ್ಕಳಿಗೆ ಹೇಳಿ ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಕಳಿಸುವವರ ಮಾತು ನನಗೆ ಹಿಡಿಸುವುದಿಲ್ಲ.

ಮನೆಯೊಳಗೂ ಇದನ್ನು ಕಂಡಿದ್ದೇನೆ. ನನಗೆ ಹದಿಮೂರನೇ ವಯಸ್ಸಿನಲ್ಲಿ ಹೊಟ್ಟೆನೋವು ಬಂದರೆ ಅಪ್ಪನ ಮುಂದೆ ಹೇಳುವ ಮಾತೇ ಇರಲಿಲ್ಲ. ಮುಟ್ಟು ಅನ್ನುವುದನ್ನು ಹೆಂಗಸರು ಕೂಡ ಪಿಸುಗುಟ್ಟಿ ಹೇಳುತ್ತಿದ್ದರು. 'ಹೊರಗೆ ಕೂತಿದ್ದಾಳೆ' ಅನ್ನುತ್ತಿದ್ದರು, ಹಾಗೇ ಕೂರಿಸುತ್ತಿದ್ದರು ಕೂಡ. ನನ್ನ ಮಗಳು ಅವರಪ್ಪನಿಗೆ, "ಅಪ್ಪಾ, ಪೀರಿಯಡ್ಸ್, ಬರ್ತಾ ಪ್ಯಾಡ್ ತಗೊಂಡ್ ಬಾ" ಅಂತ ಫೋನಿನಲ್ಲೇ ಹೇಳುತ್ತಾಳೆ. ಆ ಪದದ ಜೊತೆ ನಾಚಿಕೆ ಬಂದಿಲ್ಲ, ಮೈಲಿಗೆ ಬಂದಿಲ್ಲ. ಮನಸ್ಸು ಸರಿ ಇಲ್ಲದಿದ್ದರೆ 'ಆಂಗ್ಸೈಟಿ' ಅನ್ನುತ್ತಾಳೆ. ನಾವಾದರೆ ಏನಾಗ್ತಿದೆ ಅಂತಲೇ ಗೊತ್ತಾಗದೆ ಒಲೆ ಮುಂದೆ ಕೂತು ಅಳುತ್ತಿದ್ದೆವು. ಸಾರಿ, ಥ್ಯಾಂಕ್ಸ್, ಲವ್ ಯು ಎಲ್ಲ ಅವಳ ಬಾಯಲ್ಲಿ ಸಲೀಸಾಗಿ ಬರುತ್ತದೆ. ನಾನು ನನ್ನ ಅಮ್ಮನಿಗೆ ನಿನ್ನ ಕಂಡರೆ ಪ್ರೀತಿ ಅಂತ ಒಂದು ದಿನವೂ ಹೇಳಲಿಲ್ಲ. ಅಮ್ಮ ಹೋಗಿ ಆರು ವರ್ಷವಾಯಿತು. ಒಂದು ಸಾಲ ತಂದ ಪದವಾದರೂ ಸರಿ, ಹೇಳಬೇಕಿತ್ತು ಅನ್ನಿಸುತ್ತದೆ.

ಹಾಗಾಗಿ ಇಂಗ್ಲಿಷು ಬೇಡ ಅಂತ ನಾನು ಯಾವತ್ತೂ ಹೇಳಲಾರೆ. ಅದೇ ಬೆಂಚಿನಲ್ಲಿ ಒಬ್ಬಳಿಗೆ ನಾಲಿಗೆ ಬಿಚ್ಚಿಸಿದ ಮಾತು ಇನ್ನೊಬ್ಬಳ ನಾಲಿಗೆ ಕಟ್ಟಿಹಾಕುತ್ತಿದೆ. ನನ್ನ ಸಂಕಟ ಇದು.

ಹತ್ತು ರೂಪಾಯಿ ದಂಡ

ದೊಡ್ಡವರ ಜಗಳ ನಮಗೆಲ್ಲ ಗೊತ್ತಿರುವುದೇ. 1982ರ ಗೋಕಾಕ್ ಚಳವಳಿ, ಪ್ರಾಥಮಿಕ ಶಾಲೆಯಲ್ಲಿ ಕನ್ನಡದಲ್ಲೋ ಮಾತೃಭಾಷೆಯಲ್ಲೋ ಕಲಿಸಬೇಕು ಅಂದ 1994ರ ಭಾಷಾನೀತಿ, ಅದನ್ನು ಖಾಸಗಿ ಶಾಲೆಗಳ ಮೇಲೆ ಹೇರುವ ಹಾಗಿಲ್ಲ ಅಂದ 2008ರ ಹೈಕೋರ್ಟ್ ತೀರ್ಪು, 2014ರ ಸುಪ್ರೀಂ ಕೋರ್ಟ್ ತೀರ್ಪು, 2019ರಲ್ಲಿ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮೀಡಿಯಂ. ಮಕ್ಕಳು ಯಾವ ಭಾಷೆಯಲ್ಲಿ ಓದಬೇಕು ಅಂತ ಇಷ್ಟು ವರ್ಷ ವಾದ ಮಾಡಿದೆವು. 2017ರಿಂದ ಮೆಡಿಕಲ್ ಸೀಟಿನ ನೀಟ್ ಪರೀಕ್ಷೆಯನ್ನೇ ಕನ್ನಡದಲ್ಲಿ ಬರೆಯಬಹುದು. ಪಕ್ಕದ ಬೆಂಚಿನವಳ ಜೊತೆ ಯಾವ ಭಾಷೆಯಲ್ಲಿ ಗೆಳೆತನ ಮಾಡಬೇಕು ಅನ್ನುವುದು ಮಾತ್ರ ಯಾವ ತೀರ್ಪಿನಲ್ಲೂ ಬರಲಿಲ್ಲ. ಬರುವುದಕ್ಕೂ ಸಾಧ್ಯವಿಲ್ಲ.

ಬದಲಿಗೆ ಬಂದದ್ದು ದಂಡ. ನನ್ನ ಮಗಳು ಆರನೇ ಕ್ಲಾಸಿನಲ್ಲಿ ಓದುತ್ತಿದ್ದ ಶಾಲೆಯಲ್ಲಿ ಕನ್ನಡ ಮಾತಾಡಿದರೆ ಹತ್ತು ರೂಪಾಯಿ. ಟೀಚರಿಗೆ ಸಿಕ್ಕಿಬಿದ್ದರೆ ಅಲ್ಲ, ಕ್ಲಾಸ್ ಲೀಡರು ಚೀಟಿಯಲ್ಲಿ ಹೆಸರು ಬರೆಯಬೇಕು. ಗೆಳತಿಯ ಹೆಸರನ್ನು ಗೆಳತಿ ಬರೆಯಬೇಕು. 19ನೇ ಶತಮಾನದಲ್ಲಿ ವೇಲ್ಸ್ ದೇಶದ ಶಾಲೆಗಳಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ಒಂದು ಮರದ ತುಂಡು ನೇತುಹಾಕುತ್ತಿದ್ದರು. ಅದನ್ನು 'ವೆಲ್ಷ್ ನಾಟ್' ಅನ್ನುತ್ತಾರೆ. ಇನ್ನೊಂದು ಮಗು ವೆಲ್ಷ್ ಮಾತಾಡಿದರೆ ತುಂಡು ಅದರ ಕೊರಳಿಗೆ ಹೋಗುತ್ತಿತ್ತು. ದಿನದ ಕೊನೆಗೆ ಅದು ಯಾರ ಕೊರಳಲ್ಲಿ ಇದೆಯೋ ಅವರಿಗೆ ಏಟು. ಅದನ್ನು ಓದಿದಾಗ ನನಗೆ ಮಗಳ ಕ್ಲಾಸಿನ ಚೀಟಿಯೇ ನೆನಪಾಯಿತು. ನಾನು ಶಾಲೆಗೆ ಹೋಗಿ ಕೇಳಿದೆ. ಪೇರೆಂಟ್ಸೇ ಕೇಳ್ತಾರೆ ಮೇಡಂ ಅಂದರು. ಅದು ಸುಳ್ಳಲ್ಲ, ಅದೇ ಹೆಚ್ಚು ಬೇಸರದ ವಿಷಯ. ಮುಂದಿನ ವರ್ಷ ಬೇರೆ ಶಾಲೆಗೆ ಸೇರಿಸಿದೆವು. ಹತ್ತು ರೂಪಾಯಿ ದೊಡ್ಡದಲ್ಲ. ಆದರೆ ಆ ಮಕ್ಕಳು ಒಂದು ಪಾಠ ಕಲಿತರು. ಕನ್ನಡ ಮಾತಾಡುವವರು ತಪ್ಪು ಮಾಡುವವರು. ಹದಿನಾರನೇ ವಯಸ್ಸಿಗೆ ಯಾರೋ ಕನ್ನಡ ಮೀಡಿಯಂನಿಂದ ಬಂದು ಪಕ್ಕದಲ್ಲಿ ಕೂತಾಗ ಮುಖದ ಮೇಲೆ ಬರುವ ಆ ಸಣ್ಣ ನಗುವಿನ ಬೀಜ ಇಲ್ಲೇ ಬಿದ್ದಿರುತ್ತದೆ.

ಫೋನು ಮಾಡಿದೆ

ದಂಟಿನ ಸೊಪ್ಪಿನ ಆ ಸಂಜೆಯ ಮೇಲೆ ಎರಡು ವಾರ ನನಗೆ ಸಮಾಧಾನವಿರಲಿಲ್ಲ. ಕೊನೆಗೆ ನನ್ನ ಗೆಳತಿಯ ನಂಬರು ಹುಡುಕಿದೆ. ಅವಳು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಮದುವೆ ಮನೆಗಳಲ್ಲಿ ಸಿಕ್ಕಿದ್ದೇವೆ, ಸೀರೆ ಮಕ್ಕಳು ಅಂತ ಮಾತಾಡಿದ್ದೇವೆ. ಆ ದಿನದ ಸುದ್ದಿ ಇಬ್ಬರೂ ಎತ್ತಿರಲಿಲ್ಲ. ಈ ಸಲ ನಾನೇ ಎತ್ತಿದೆ. ಅವತ್ತು ನಾನೂ ನಕ್ಕೆ, ತಪ್ಪಾಯ್ತು ಕಣೇ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಂಗೆ ಎಲ್ಲ ನಗಾಡಿದ್ದು ಮರೆತೇ ಹೋಗಿದೆ ಮಾರಾಯ್ತಿ. ನೀನು ನಗಾಡಿದ್ದು ಮಾತ್ರ ನೆನಪಿದೆ" ಅಂದಳು. ಬೈಯಲಿಲ್ಲ. ಇದ್ದದ್ದು ಹೇಳಿದಳು, ಅಷ್ಟೇ. ನಾನು ಅತ್ತೆ. ಅವಳು ಅಳು ನಿಲ್ಲುವವರೆಗೂ ಫೋನು ಹಿಡಿದುಕೊಂಡೇ ಇದ್ದಳು.

ಈಗ ಅವಳೇ ಒಂದನೇ, ಎರಡನೇ ಕ್ಲಾಸಿನ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಾಳೆ. ಹೇಗೆ ಕಲಿಸ್ತೀಯೆ ಅಂತ ಕೇಳಿದೆ. ಎ ಫಾರ್ ಆ್ಯಪಲ್ ಎಲ್ಲ ಇದೆ, ಆದರೆ ಅದಕ್ಕೂ ಮೊದಲು ಬಸ್ಸಿನ ಆಟ ಆಡಿಸುತ್ತಾಳಂತೆ. ಬೆಂಚುಗಳನ್ನು ಸಾಲಾಗಿ ಇಟ್ಟು ಒಂದು ಮಗು ಡ್ರೈವರು, ಒಂದು ಮಗು ಕಂಡಕ್ಟರು. ಟಿಕೆಟ್ ಕೊಡುವುದು, ಚಿಲ್ಲರೆ ಇಲ್ಲ ಅಂತ ಜಗಳ ಮಾಡುವುದು, ಕೋಳಿ ಹಿಡಿದುಕೊಂಡು ಹತ್ತುವವರನ್ನು ಇಳಿಸುವುದು, ಎಲ್ಲ ಇಂಗ್ಲಿಷಿನಲ್ಲಿ. ಗೊತ್ತಿರುವಷ್ಟು ಇಂಗ್ಲಿಷ್, ಗೊತ್ತಿಲ್ಲದ ಕಡೆ ಕನ್ನಡ. ತಪ್ಪು ಅಂತ ಯಾರನ್ನೂ ತಿದ್ದುವುದಿಲ್ಲ. ಒಂದು ಮಗು ಮೂಗಿನಲ್ಲಿ "ಕಮ್ ಕಮ್ ಕಮ್, ಇನ್‌ಸೈಡ್ ಕಮ್" ಅಂತ ಕೂಗಿದರೆ ಉಳಿದವು ಬಿದ್ದು ಬಿದ್ದು ನಗುತ್ತವಂತೆ. "ಮೊದಲು ಆ ಭಾಷೆಲಿ ಒಂದ್ಸಲ ಬೇರೆಯವರನ್ನ ನಗಿಸಬೇಕು ಕಣೇ. ಆಮೇಲೆ ಹೆದರಿಕೆ ಇರಲ್ಲ. ನಂಗೆ ಯಾರಾದ್ರೂ ಹಂಗೆ ಮಾಡಿಸಿದ್ರೆ ನಾನು ಫಿಸಿಕ್ಸ್ ಬಿಡ್ತಿರ್ಲಿಲ್ಲ" ಅಂದಳು. ಮೂವತ್ತು ವರ್ಷದ ಮೇಲೆ ಅವಳ ಬಾಯಲ್ಲಿ ಫಿಸಿಕ್ಸ್ ಅನ್ನುವ ಪದ ಕೇಳಿದೆ.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮಗಳಿಗೆ ಇಡೀ ಕತೆ ಹೇಳಿದೆ. ಬಸ್ಸು, ಅಡಿಕೆ ಧಾರಣೆ, ವೇಗೋತ್ಕರ್ಷ, ನಾನು ನಕ್ಕಿದ್ದು, ಏನನ್ನೂ ಮುಚ್ಚಿಡಲಿಲ್ಲ. ನಡುವೆ ಫೋನು ನೋಡದೆ ಕೇಳಿದಳು. ಕೊನೆಗೆ, "ಆ ಹುಡುಗಿ ನಗೋದು ನಮ್ಮ ಜೋಕ್ ಅರ್ಥ ಆಗಿ ಅಂತ ಅಂದ್ಕೊಂಡಿದ್ದೆ ಅಮ್ಮ" ಅಂದಳು. ಮುಂದಿನ ಭಾನುವಾರ ಮಧ್ಯಾಹ್ನ ತಾನೇ ಹೋಗಿ ಅವಳನ್ನು ನಮ್ಮ ಮನೆಗೆ ಕರೆದುಕೊಂಡು ಬಂದಳು.

ಅಡುಗೆಮನೆಯಲ್ಲಿ

ಹುಡುಗಿ ಮೊದಲು ಸೋಫಾದ ತುದಿಯಲ್ಲಿ ಕೂತಳು. ಇಂಗ್ಲಿಷಿನಲ್ಲೇ ಹೌದು, ಇಲ್ಲ ಅಂತ ಎರಡು ಮಾತು. ನಾನು ಮಂಡಕ್ಕಿ ಒಗ್ಗರಣೆ ಹಾಕುತ್ತಿದ್ದೆ. ವಾಸನೆಗೆ ಎದ್ದು ಒಳಗೆ ಬಂದಳು. "ಆಂಟಿ, ಚುರುಮುರಿ ಇಷ್ಟ ಹೊತ್ತು ನೆನಸಬಾರದ್ರಿ, ಮೆತ್ತಗ ಆಗ್ತಾವು. ಸರೀರಿ, ನಾ ಮಾಡ್ತೀನಿ" ಅಂತ ಬಾಣಲೆ ನನ್ನ ಕೈಯಿಂದ ತೆಗೆದುಕೊಂಡೇಬಿಟ್ಟಳು. ಹುಣಸೆ ನೀರು, ಬೆಲ್ಲ, ಪುಟಾಣಿ ಹಿಟ್ಟು ಎಲ್ಲಿದೆ ಅಂತ ಕೇಳಿದಳು. ಗಿರ್ಮಿಟ್ ಮಾಡುತ್ತ ಅವಳ ಮಾತು ಶುರುವಾಯಿತು. ಊರಲ್ಲಿರುವ ಅಜ್ಜಿಗೆ ದಿನಾ ವಿಡಿಯೋ ಕಾಲ್ ಮಾಡುತ್ತಾಳಂತೆ. ಅಜ್ಜಿ ಫೋನು ಕಿವಿಗೆ ಒತ್ತಿ ಹಿಡಿಯುತ್ತಾಳೆ, ಈ ಕಡೆ ಬರೀ ಕಿವಿ. ಹುಡುಗಿ ಸೌಟನ್ನು ಕಿವಿಗೆ ಇಟ್ಟುಕೊಂಡು ಬೆನ್ನು ಬಗ್ಗಿಸಿ ಅಜ್ಜಿ ಆದಳು. "ಏ ಯವ್ವಾ, ನಿನ್ನ ಮಾರಿ ಕಾಣವಲ್ದು!" ಸೌಟು ಇನ್ನೊಂದು ಕೈಗೆ ಬಂತು, ಈಗ ಮೊಮ್ಮಗಳು. "ಅಜ್ಜೀ, ಫೋನ್ ಕಿವಿಗೆ ಹಿಡ್ದೀದಿ, ನಂಗ ನಿನ್ನ ಕಿವಿ ಅಷ್ಟ ಕಾಣಾಕತ್ತೈತಿ." ಮತ್ತೆ ಅಜ್ಜಿ. "ಹೌದನು? ಹಂಗಾರ ಬೆಂಡ್ವಾಲಿ ಹೆಂಗ ಅದಾವು ನೋಡಿ ಹೇಳು, ಮೊನ್ನೆ ನಿಮ್ಮ ಕಾಕಾ ಕೊಡ್ಸ್ಯಾನ!" ಆ ಹೆಮ್ಮೆಯ ದನಿ, ಕಿವಿಯನ್ನು ಇನ್ನೂ ಹತ್ತಿರ ತಂದು ತೋರಿಸುವ ರೀತಿ!

ನನ್ನ ಅಮ್ಮನ ಬೆಂಡೋಲೆ ಕಣ್ಣಮುಂದೆ ಬಂತು. ಎಷ್ಟು ನಕ್ಕೆನೆಂದರೆ ಸ್ಲ್ಯಾಬ್ ಹಿಡಿದುಕೊಂಡೆ. ಹುಡುಗಿಯೂ ತಲೆ ಹಿಂದಕ್ಕೆ ಹಾಕಿ ನಕ್ಕಳು, ಯಾರ ಮುಖವನ್ನೂ ನೋಡದೆ. ಬಾಗಿಲಲ್ಲಿ ನಿಂತಿದ್ದ ನನ್ನ ಮಗಳು ಒಂದು ಸಲ ನನ್ನನ್ನು ನೋಡಿದಳು, ಒಂದು ಸಲ ಅವಳನ್ನು ನೋಡಿದಳು. ಆಮೇಲೆ ನಕ್ಕಳು. ನಗು ಅರ್ಧಕ್ಕೆ ನಿಲ್ಲಿಸಿ ಒಳಗೆ ಬಂದು ಕೇಳಿದಳು. "ಏ, ಮಾರಿ ಅಂದ್ರೆ ಏನು? ಬೆಂಡ್ವಾಲಿ ಅಂದ್ರೆ? ಇನ್ನೊಂದ್ಸಲ ಮಾಡೇ, ಪ್ಲೀಸ್, ನಿಧಾನಕ್ಕೆ ಮಾಡು."

ಹುಡುಗಿ ಸೌಟು ತೊಳೆದು, ಒರೆಸಿ, ಮತ್ತೆ ಕಿವಿಗೆ ಹಿಡಿದಳು.